ನಮ್ಮ ತಾಲ್ಲೂಕಿಗೆ ಬಂದ ಅಂಕಗಳು



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಈಗ ಅವನು ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಕುಶಲ ಸಮಾಚಾರ ಮುಗಿದ ಮೇಲೆ, "ಸಾರ್, ನಂಜುಂಡಪ್ಪ ವರದಿಯ ಪಟ್ಟಿಯಲ್ಲಿ ಕೊಟ್ಟೂರು ತಾಲ್ಲೂಕು ಎಲ್ಲಿದೆ? ಹುಡುಕಿ ಹುಡುಕಿ ಸಾಕಾಯಿತು" ಎಂದ. ನನಗೆ ನಗು ಬಂತು. "ಅದು ಸಿಗುವುದಿಲ್ಲಪ್ಪಾ. ಆ ವರದಿ ಬಂದಾಗ ಕೊಟ್ಟೂರು ತಾಲ್ಲೂಕೇ ಆಗಿರಲಿಲ್ಲ. ಕೂಡ್ಲಿಗಿಯ ಹೆಸರಿನ ಕೆಳಗೆ ನೋಡು" ಎಂದೆ. ದೂರವಾಣಿ ಇಟ್ಟ ಮೇಲೆ ಮಾತ್ರ ನಗು ಉಳಿಯಲಿಲ್ಲ. ಹುಟ್ಟದಿದ್ದ ತಾಲ್ಲೂಕಿಗೆ ಅಂಕ ಕೊಡುವುದು ಹೇಗೆ? ಅಂಕವಿಲ್ಲದವರನ್ನು ಸಾಲಿನಲ್ಲಿ ಎಲ್ಲಿ ನಿಲ್ಲಿಸುವುದು? ಈ ಪ್ರಶ್ನೆ ನನ್ನನ್ನು ಮೂರು ದಶಕಗಳಿಂದ ಬೇರೊಂದು ಕಾರಣಕ್ಕಾಗಿ ಕಾಡುತ್ತಿದೆ. ಆ ಕಾರಣವನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲು ಇತಿಹಾಸ.

ನಮ್ಮ ಸೀಮೆಯ ಜನರಿಗೆ ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಹೋಗಿ ನಿಲ್ಲುವುದು ಹೊಸದಲ್ಲ. 1800ರಲ್ಲಿ ನಿಜಾಮನು ಈ ಭಾಗವನ್ನು ಕಂಪನಿಗೆ ಬಿಟ್ಟುಕೊಟ್ಟನು. ಅಂದಿನಿಂದ ನಾವು ಮದರಾಸಿನ ಆಡಳಿತಕ್ಕೆ ಒಳಪಟ್ಟು 'ದತ್ತ ಮಂಡಲ'ದವರೆನಿಸಿಕೊಂಡೆವು. ಆಂಧ್ರ ರಾಜ್ಯ ರಚನೆಯಾಗುವ ಸಮಯದಲ್ಲಿ ಬಳ್ಳಾರಿ ಜಿಲ್ಲೆಯನ್ನು ಒಡೆಯಬೇಕಾಯಿತು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರದ ಪಾಲಾದವು. ಬಳ್ಳಾರಿ ತಾಲ್ಲೂಕು ಯಾರಿಗೆ ಸೇರಬೇಕೆಂಬ ವಿವಾದವನ್ನು ನ್ಯಾಯಮೂರ್ತಿ ಮಿಶ್ರಾ ಅವರು ವಿಚಾರಣೆ ನಡೆಸಿ ವರದಿ ಕೊಟ್ಟರು. 1953ರ ಅಕ್ಟೋಬರ್ 1ರಂದು ಬಳ್ಳಾರಿ, ಹೊಸಪೇಟೆ, ಸಂಡೂರು, ಸಿರುಗುಪ್ಪ, ಕೂಡ್ಲಿಗಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಬಂದವು. ಭಾಷೆ, ವ್ಯಾಪಾರ, ಆಡಳಿತದ ಅನುಕೂಲ, ಜನರ ಇಚ್ಛೆ ಎಂಬ ಹಲವು ಮಾನದಂಡಗಳಿದ್ದಾಗ ಯಾವುದಕ್ಕೆ ಎಷ್ಟು ಬೆಲೆ ಕೊಡಬೇಕೆಂಬ ಪ್ರಶ್ನೆ ಆಗಲೇ ನಮ್ಮ ಬಾಗಿಲಿಗೆ ಬಂದಿತ್ತು.

ಅದೇ ಪ್ರಶ್ನೆ ಅಂಕಿಗಳ ವೇಷದಲ್ಲಿ ಮರಳಿ ಬಂದದ್ದು 2000ದಲ್ಲಿ. ಎಸ್. ಎಂ. ಕೃಷ್ಣ ಅವರ ಸರ್ಕಾರ ಪ್ರಾದೇಶಿಕ ಅಸಮಾನತೆ ನಿವಾರಣೆಗಾಗಿ ಉನ್ನತಾಧಿಕಾರ ಸಮಿತಿಯೊಂದನ್ನು ರಚಿಸಿತು. ಅರ್ಥಶಾಸ್ತ್ರಜ್ಞ ಡಾ. ಡಿ. ಎಂ. ನಂಜುಂಡಪ್ಪನವರು ಅದರ ಅಧ್ಯಕ್ಷರು. 2002ರ ಜೂನ್ ತಿಂಗಳಿನಲ್ಲಿ ವರದಿ ಸಲ್ಲಿಕೆಯಾಯಿತು. ಅದರ ಹೊಸತನವೆಂದರೆ ಜಿಲ್ಲೆಗಳನ್ನು ಬಿಟ್ಟು ತಾಲ್ಲೂಕುಗಳನ್ನು ಅಳೆದದ್ದು. ಅಂದು ರಾಜ್ಯದಲ್ಲಿದ್ದ 175 ತಾಲ್ಲೂಕುಗಳನ್ನೂ 35 ಸೂಚಕಗಳ ಮೂಲಕ ಪರೀಕ್ಷಿಸಲಾಯಿತು. ಕೃಷಿ, ಕೈಗಾರಿಕೆ ಮತ್ತು ವ್ಯಾಪಾರ, ಆರ್ಥಿಕ ಮೂಲಸೌಕರ್ಯ, ಸಾಮಾಜಿಕ ಮೂಲಸೌಕರ್ಯ, ಜನಸಂಖ್ಯೆಯ ಲಕ್ಷಣಗಳು ಎಂಬ ಐದು ಗುಂಪುಗಳಲ್ಲಿ ಈ ಸೂಚಕಗಳಿದ್ದವು. ನೀರಾವರಿಯ ಪ್ರಮಾಣ, ಸಾಕ್ಷರತೆ, ಜನಸಂಖ್ಯೆಗೆ ತಕ್ಕ ವೈದ್ಯರ ಸಂಖ್ಯೆ, ಶಿಕ್ಷಕರಿಗೆ ಮಕ್ಕಳ ಅನುಪಾತ, ಶಾಲೆಯಿಂದ ಹೊರಗುಳಿದ ಮಕ್ಕಳು ಮೊದಲಾದವೆಲ್ಲ ಲೆಕ್ಕಕ್ಕೆ ಬಂದವು. ಎಲ್ಲವನ್ನೂ ಕೂಡಿಸಿ ಒಂದೇ ಅಂಕವಾಗಿಸಿದ್ದೇ 'ಸಮಗ್ರ ಸಂಯುಕ್ತ ಅಭಿವೃದ್ಧಿ ಸೂಚ್ಯಂಕ'. ರಾಜ್ಯದ ಸರಾಸರಿಯನ್ನು 1 ಎಂದು ಇಟ್ಟುಕೊಂಡರು. 1 ಮತ್ತು ಅದಕ್ಕಿಂತ ಹೆಚ್ಚು ಪಡೆದ 61 ತಾಲ್ಲೂಕುಗಳು ಮುಂದುವರಿದವು. ಉಳಿದ 114 ಹಿಂದುಳಿದವು.

ಈ 114ರಲ್ಲಿ ಮತ್ತೆ ಮೂರು ತರಗತಿಗಳಿದ್ದವು. 0.89ರಿಂದ 0.99ರವರೆಗಿನ 35 ತಾಲ್ಲೂಕುಗಳು 'ಹಿಂದುಳಿದವು'. 0.80ರಿಂದ 0.88ರವರೆಗಿನ 40 ತಾಲ್ಲೂಕುಗಳು 'ಅತಿ ಹಿಂದುಳಿದವು'. 0.53ರಿಂದ 0.79ರವರೆಗಿನ 39 ತಾಲ್ಲೂಕುಗಳು 'ಅತ್ಯಂತ ಹಿಂದುಳಿದವು'. ಕೊನೆಯ 39ರಲ್ಲಿ 21 ಗುಲಬರ್ಗಾ ವಿಭಾಗವೊಂದರಲ್ಲೇ ಇದ್ದವು. ನಮ್ಮ ಕೂಡ್ಲಿಗಿಯೂ ನೆರೆಯ ಸಂಡೂರೂ ಆ ಸಾಲಿನವು. ಅಂದು ದಾವಣಗೆರೆ ಜಿಲ್ಲೆಯಲ್ಲಿದ್ದ ಹರಪನಹಳ್ಳಿಯೂ ಅದೇ ಸಾಲಿಗೆ ಬಂತು. ಹಡಗಲಿ ಮತ್ತು ಹಗರಿಬೊಮ್ಮನಹಳ್ಳಿಗಳು ಒಂದು ಮೆಟ್ಟಿಲು ಮೇಲೆ, 'ಅತಿ ಹಿಂದುಳಿದ' ತರಗತಿಯಲ್ಲಿ ನಿಂತವು. ಎಂಟು ವರ್ಷಗಳಲ್ಲಿ ಒಟ್ಟು 31,000 ಕೋಟಿ ರೂಪಾಯಿ ವೆಚ್ಚ ಮಾಡಬೇಕೆಂದು ಸಮಿತಿ ಸೂಚಿಸಿತು. ವಿಶೇಷ ಅಭಿವೃದ್ಧಿ ಯೋಜನೆ 2007-08ರಿಂದ ಆರಂಭವಾಯಿತು.

ಅಂದು ನಮ್ಮ ಶಿಕ್ಷಕರ ಕೊಠಡಿಯಲ್ಲಿ ನಡೆದ ಚರ್ಚೆ ನನಗೆ ಚೆನ್ನಾಗಿ ನೆನಪಿದೆ. ಪತ್ರಿಕೆಯಲ್ಲಿ ಪಟ್ಟಿಯನ್ನು ಓದಿದ ಒಬ್ಬರು, "ಹಡಗಲಿ ನಮಗಿಂತ ಹೇಗೆ ಮುಂದು?" ಎಂದರು. ಹಡಗಲಿಯವರೇ ಆದ ಇನ್ನೊಬ್ಬರು, "ನಮಗೆ ಹೊಳೆಯಿದೆ, ಮಲ್ಲಿಗೆಯಿದೆ; ನಿಮಗೆ ಏನಿದೆ?" ಎಂದು ಚುಡಾಯಿಸಿದರು. ನಾನು ಸಮಾಜ ವಿಜ್ಞಾನದ ಮೇಷ್ಟ್ರು. ದಶಮಾಂಶ ಕಂಡರೆ ದೂರ ಸರಿಯುವವನು. ಗಣಿತದ ಮೇಷ್ಟ್ರು ಮಾತ್ರ ಸುಮ್ಮನೆ ಕುಳಿತಿದ್ದರು. ಮಾತು ತಣ್ಣಗಾದ ಮೇಲೆ ಹಲಗೆಯ ಮುಂದೆ ನಿಂತು, "ಅಂಕಿ ಸರಿಯೋ ತಪ್ಪೋ ಎನ್ನುವುದು ಆಮೇಲೆ. ಯಾವ ಸೂಚಕಕ್ಕೆ ಎಷ್ಟು ತೂಕ ಎಂಬುದು ಮೊದಲು ಗೊತ್ತಾಗಬೇಕು" ಎಂದರು. ಅಂದು ಅವರು ನನಗೆ ಕಲಿಸಿದ್ದನ್ನು ಇಂದು ನಿಮಗೆ ಒಪ್ಪಿಸುತ್ತಿದ್ದೇನೆ. ಕೆಳಗಿನ ಅಂಕಿಗಳು ಪಾಠಕ್ಕಾಗಿ ಮಾಡಿಕೊಂಡವು, ಯಾವ ತಾಲ್ಲೂಕಿನವೂ ಅಲ್ಲ.

ಅ, ಆ, ಇ ಎಂಬ ಮೂರು ತಾಲ್ಲೂಕುಗಳಿವೆ ಎಂದುಕೊಳ್ಳಿ. ನೀರು, ಶಾಲೆ, ರಸ್ತೆ ಎಂಬ ಮೂರು ಮಾನದಂಡಗಳು. ರಾಜ್ಯದ ಸರಾಸರಿ ಎಲ್ಲದರಲ್ಲೂ 1. 'ಅ' ತಾಲ್ಲೂಕಿಗೆ ಕ್ರಮವಾಗಿ 0.9, 0.7, 0.5. 'ಆ' ತಾಲ್ಲೂಕಿಗೆ 0.6, 0.8, 1.0. 'ಇ' ತಾಲ್ಲೂಕಿಗೆ 0.5, 0.6, 0.7. ಮೂರಕ್ಕೂ ಸಮ ತೂಕ ಕೊಟ್ಟರೆ 'ಅ'ಗೆ 0.70, 'ಆ'ಗೆ 0.80, 'ಇ'ಗೆ 0.60 ಬರುತ್ತದೆ. 'ಆ' ಮೊದಲನೆಯದು.

ಆದರೆ ನಮ್ಮ ಬಯಲುಸೀಮೆಯ ರೈತನನ್ನು ಕೇಳಿದರೆ ಮೂರೂ ಸಮವೆನ್ನುವನೇ? ನೀರು ಮೊದಲು, ಆಮೇಲೆ ಶಾಲೆ, ಆಮೇಲೆ ರಸ್ತೆ ಎನ್ನುತ್ತಾನೆ. ನೀರು ರಸ್ತೆಗಿಂತ ಎಷ್ಟು ಪಟ್ಟು ಮುಖ್ಯ ಎಂದು ಕೇಳಿದರೆ ಅವನೂ ಹೇಳಲಾರ, ನಾವೂ ಹೇಳಲಾರೆವು. ಕ್ರಮ ಗೊತ್ತು, ಪ್ರಮಾಣ ಗೊತ್ತಿಲ್ಲ. ವಿದ್ವಾಂಸರು 'ಅಪೂರ್ಣ ಮಾಹಿತಿ' ಎಂದು ಕರೆಯುವುದು ಇದನ್ನೇ. ಇಂತಹ ಸ್ಥಿತಿಯಲ್ಲಿಯೂ ಕೈಕಟ್ಟಿ ಕೂರಬೇಕಾಗಿಲ್ಲ. ಈ ಕ್ರಮಕ್ಕೆ ಒಪ್ಪುವ ತೂಕಗಳಿಗೆ ಮೂರು ಮಿತಿಗಳಿವೆ: ಎಲ್ಲ ತೂಕವೂ ನೀರಿಗೇ ಇರುವುದು ಒಂದು, ನೀರು ಮತ್ತು ಶಾಲೆ ಅರ್ಧರ್ಧ ಹಂಚಿಕೊಳ್ಳುವುದು ಎರಡು, ಮೂರೂ ಸಮನಾಗಿ ಹಂಚಿಕೊಳ್ಳುವುದು ಮೂರು. ಉಳಿದ ಎಲ್ಲ ತೂಕಗಳೂ ಈ ಮೂರರ ಮಿಶ್ರಣಗಳೇ. ಆದ್ದರಿಂದ ಈ ಮೂರು ಕಡೆಯಲ್ಲಿಯೂ ಒಂದು ತಾಲ್ಲೂಕು ಇನ್ನೊಂದಕ್ಕಿಂತ ಮುಂದಿದ್ದರೆ, ನಡುವಿನ ಯಾವ ತೂಕ ಹಿಡಿದರೂ ಅದು ಮುಂದೆಯೇ ಇರುತ್ತದೆ.

ಈಗ ನೋಡಿ. ಮೂರು ಮಿತಿಗಳಲ್ಲಿ 'ಅ'ಗೆ 0.90, 0.80, 0.70, 'ಆ'ಗೆ 0.60, 0.70, 0.80, 'ಇ'ಗೆ 0.50, 0.55, 0.60. 'ಇ' ಮೂರು ಕಡೆಯಲ್ಲಿಯೂ ಕೊನೆಯದು. ಅದರ ರಸ್ತೆ 'ಅ'ದ ರಸ್ತೆಗಿಂತ ಚೆನ್ನಾಗಿದ್ದರೂ ಈ ತೀರ್ಮಾನ ಬದಲಾಗುವುದಿಲ್ಲ. 'ಅ' ಮತ್ತು 'ಆ'ಗಳ ನಡುವೆ ಮಾತ್ರ ಮೊದಲಿನ ಎರಡು ಮಿತಿಗಳಲ್ಲಿ ಒಂದು ಗೆದ್ದರೆ ಮೂರನೆಯದರಲ್ಲಿ ಇನ್ನೊಂದು ಗೆಲ್ಲುತ್ತದೆ. ಅಂದರೆ ಅತ್ಯಂತ ಹಿಂದುಳಿದದ್ದು ಯಾವುದೆಂದು ಧೈರ್ಯವಾಗಿ ಹೇಳಬಹುದು. ಉಳಿದೆರಡರಲ್ಲಿ ಯಾವುದು ಮುಂದು ಎಂದು ಪ್ರಾಮಾಣಿಕನಾದವನು ಹೇಳಲಾರ. ಹೇಳಲೇಬೇಕೆಂದರೆ ಮೂರು ಮಿತಿಗಳ ಸರಾಸರಿ ತೆಗೆಯುವ ರೂಢಿಯಿದೆ. ಆಗ ನೀರಿಗೆ ಹದಿನೆಂಟರಲ್ಲಿ 11 ಪಾಲು, ಶಾಲೆಗೆ 5, ರಸ್ತೆಗೆ 2 ಬರುತ್ತದೆ. ಆ ತೂಕದಲ್ಲಿ 'ಅ'ಗೆ 0.80, 'ಆ'ಗೆ 0.70! ಸಮ ತೂಕದಲ್ಲಿ ಬಂದ ಫಲಿತಾಂಶ ತಿರುಗುಮುರುಗಾಯಿತು. ತಾಲ್ಲೂಕುಗಳು ಅವೇ, ಅಂಕಿಗಳೂ ಅವೇ. ತೂಕ ಮಾತ್ರ ಬೇರೆ.

ಈ ಚಿಂತೆ ಹಳೆಯದು. 1770ರಲ್ಲಿ ಬೋರ್ಡಾ ಎಂಬ ಫ್ರೆಂಚ್ ವಿದ್ವಾಂಸನು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಮುಂದೆ ಮತದಾನದಲ್ಲಿ ಸ್ಥಾನಕ್ಕೆ ತಕ್ಕಂತೆ ಅಂಕ ಕೊಡುವ ಪದ್ಧತಿಯನ್ನು ಮಂಡಿಸಿದ. 1785ರಲ್ಲಿ ಕಾಂಡೋರ್ಸೆ ಎಂಬುವನು, ಒಂದೊಂದು ಜೋಡಿಯನ್ನು ಹೋಲಿಸಿದಾಗ ಬಹುಮತವೇ ಸುತ್ತು ಹಾಕಿ ಮೊದಲಿಗೆ ಬರಬಹುದೆಂದು ತೋರಿಸಿದ. ನಮ್ಮ ಕಾಲದಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದವರು 1990ರಿಂದ ದೇಶಗಳಿಗೆ ಮಾನವ ಅಭಿವೃದ್ಧಿ ಸೂಚ್ಯಂಕ ಕೊಡಲು ಆರಂಭಿಸಿದರು. 2010ರಲ್ಲಿ ಕೂಡಿಸಿ ಭಾಗಿಸುವ ಸರಾಸರಿಯನ್ನು ಬಿಟ್ಟು ಗುಣಿಸಿ ಮೂಲ ತೆಗೆಯುವ ಸರಾಸರಿಗೆ ಬದಲಾಯಿಸಿದರು. ಆರೋಗ್ಯದ ಕೊರತೆಯನ್ನು ಆದಾಯದ ಹೆಚ್ಚಳ ಸುಲಭವಾಗಿ ಮುಚ್ಚಿಹಾಕಬಾರದೆಂಬುದು ಅದರ ಉದ್ದೇಶ. ಮನೆಗೆ ಹತ್ತಿರದ ಉದಾಹರಣೆ ಬೇಕೆಂದರೆ ಸಂಡೂರನ್ನು ನೋಡಿ. ಅದಿರಿನ ಗಣಿಗಳ ನಾಡು. ಆದರೂ 2002ರ ಪಟ್ಟಿಯಲ್ಲಿ ಅದು 'ಅತ್ಯಂತ ಹಿಂದುಳಿದ' ಸಾಲಿನಲ್ಲಿಯೇ ಇತ್ತು. ಒಂದೇ ಮಾನದಂಡದಿಂದ ಅಳೆದಿದ್ದರೆ ಇದು ಕಾಣುತ್ತಿರಲಿಲ್ಲ. ನಂಜುಂಡಪ್ಪನವರ ಸಮಿತಿ ಮೂವತ್ತೈದು ಕಣ್ಣುಗಳಿಂದ ನೋಡಿದ್ದರ ಲಾಭ ಇದು.

ಉಜ್ಜಿನಿಯ ಮರುಳಸಿದ್ಧೇಶ್ವರ ದೇವಾಲಯದ ವಿಷಯದಲ್ಲಿ ನಮ್ಮ ಹಿರಿಯರ ಮಾತು ನಿಮಗೆ ಗೊತ್ತಿದೆ: ಉಜ್ಜಿನಿಯನ್ನು ಒಳಗೆ ಹೊಕ್ಕು ನೋಡಬೇಕು. ಹೊರಗಿನಿಂದ ಅಳೆದವನಿಗೆ ಒಳಗಿನ ಕೆತ್ತನೆ ಲೆಕ್ಕಕ್ಕೆ ಸಿಗುವುದಿಲ್ಲ. ಮಾನದಂಡ ಬದಲಾದರೆ ಸ್ಥಾನವೂ ಬದಲಾಗುತ್ತದೆಂಬ ತತ್ವವನ್ನು ನಮ್ಮವರು ಯಾವ ಸೂತ್ರವೂ ಇಲ್ಲದೆ ಅರಿತಿದ್ದರು.

ಇನ್ನು ಪಟ್ಟಿಯ ಗೆರೆಗಳ ವಿಚಾರ. 0.79ಕ್ಕೂ 0.80ಕ್ಕೂ ನಡುವೆ ಇರುವ ಅಂತರ ಒಂದು ಕೂದಲೆಳೆಯಷ್ಟು. ಆದರೆ ಒಂದು 'ಅತ್ಯಂತ', ಇನ್ನೊಂದು ಬರೀ 'ಅತಿ'. ತೂಕದಲ್ಲಿ ಸ್ವಲ್ಪ ವ್ಯತ್ಯಾಸ ಮಾಡಿದರೂ ಗೆರೆಯ ಬಳಿ ನಿಂತವರು ಆಚೀಚೆ ಆಗಬಹುದು. ಆಳದಲ್ಲಿರುವವರು ಹಾಗೆ ಕದಲುವುದಿಲ್ಲ. 0.53 ಪಡೆದ ದೇವದುರ್ಗವನ್ನು ಯಾವ ತಕ್ಕಡಿಯಲ್ಲಿಟ್ಟರೂ ಅದು ಮೇಲಿನ ಸಾಲಿಗೆ ಬರುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ. ಆದುದರಿಂದ ಇಂತಹ ಪಟ್ಟಿಗಳಲ್ಲಿ ತುದಿಗಳನ್ನು ನಂಬಿ, ನಡುವಿನ ಗೆರೆಗಳ ಬಗ್ಗೆ ಎಚ್ಚರವಾಗಿರಿ ಎಂದು ತರಗತಿಯಲ್ಲಿ ಹೇಳುತ್ತಿದ್ದೆ.

ಗೆರೆ ಅಂಕಿಯ ಮೇಲೆ ಬೀಳದೆ ನಕ್ಷೆಯ ಮೇಲೆ ಬಿದ್ದಾಗ ಏನಾಗುತ್ತದೆಂಬುದಕ್ಕೆ ಹರಪನಹಳ್ಳಿಯೇ ಸಾಕ್ಷಿ. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಹರಪನಹಳ್ಳಿಯನ್ನು ಬಳ್ಳಾರಿಯಿಂದ ಬಿಡಿಸಿ ಅದಕ್ಕೆ ಸೇರಿಸಲಾಯಿತು. 2012ರ 98ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ 371(ಜೆ) ವಿಧಿ ಸೇರಿತು. ಅದರ ಸೌಲಭ್ಯ ಬೀದರ್, ಗುಲಬರ್ಗಾ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಿಗೆ ದೊರೆಯಿತು. ನಂಜುಂಡಪ್ಪ ವರದಿಯಲ್ಲಿ ಕೂಡ್ಲಿಗಿಯೂ ಹರಪನಹಳ್ಳಿಯೂ ಒಂದೇ ತರಗತಿಯವು. ಆದರೆ ಕೂಡ್ಲಿಗಿ ಗೆರೆಯ ಒಳಗೆ, ಹರಪನಹಳ್ಳಿ ಹೊರಗೆ. ಅಲ್ಲಿಯ ಜನ ಹೋರಾಟ ಮಾಡಿದರು. 2018ರಲ್ಲಿ ತಾಲ್ಲೂಕು ಮರಳಿ ಬಳ್ಳಾರಿಗೆ ಸೇರಿತು. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ನಮ್ಮ ಆರೂ ತಾಲ್ಲೂಕುಗಳು ಮತ್ತೆ ಒಂದೇ ಮನೆಯಲ್ಲಿ ಕೂಡಿದವು. ನಡುವೆ 2017-18ರಲ್ಲಿ ರಾಜ್ಯದಲ್ಲಿ ಸುಮಾರು ಐವತ್ತು ಹೊಸ ತಾಲ್ಲೂಕುಗಳಾದವು, ಕೊಟ್ಟೂರು ಅವುಗಳಲ್ಲೊಂದು. ಉಜ್ಜಿನಿ ಈಗ ಕೊಟ್ಟೂರಿಗೆ ಸೇರಿದೆ. 2002ರ ಪಟ್ಟಿಯಲ್ಲಿ ಇವುಗಳಿಗೆ ಸ್ವಂತ ಅಂಕಗಳಿಲ್ಲ. ತಾಯಿ ತಾಲ್ಲೂಕಿನ ಅಂಕವೇ ಮಕ್ಕಳಿಗೂ. 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಸರ್ಕಾರ ಹೊಸ ಸಮಿತಿ ರಚಿಸಿದ್ದಕ್ಕೆ, ಎರಡು ದಶಕಗಳ ಹಿಂದಿನ ತಕ್ಕಡಿಯಿಂದ ಇಂದಿನ ತಾಲ್ಲೂಕುಗಳನ್ನು ತೂಗಲಾಗದೆಂಬುದೂ ಒಂದು ಕಾರಣವೆಂದು ನಾನು ತಿಳಿದಿದ್ದೇನೆ.

ಈಗ ನನ್ನ ಸ್ವಂತ ಕಾರಣಕ್ಕೆ ಬರುತ್ತೇನೆ. ಇದನ್ನು ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ.

1990ರ ಸುಮಾರಿನ ಮಾತು. ನಾನಿನ್ನೂ ಹೊಸ ಮೇಷ್ಟ್ರು. ಬಡ ವಿದ್ಯಾರ್ಥಿಯೊಬ್ಬರಿಗೆ ಕಾಲೇಜು ಓದಲು ಸಹಾಯಧನ ಕೊಡುವುದಾಗಿ ದಾನಿಗಳೊಬ್ಬರು ಶಾಲೆಗೆ ತಿಳಿಸಿದ್ದರು. ಹತ್ತನೆಯ ತರಗತಿಯ ಮೂರು ಪರೀಕ್ಷೆಗಳ ಸರಾಸರಿ ನೋಡಿ ಒಬ್ಬರ ಹೆಸರು ಕಳಿಸುವ ಕೆಲಸ ನನ್ನ ಪಾಲಿಗೆ ಬಂತು. ಕೊನೆಗೆ ಇಬ್ಬರು ಉಳಿದರು. ಹುಡುಗನಿಗೆ ನೂರಕ್ಕೆ 64, 66, 62. ಹುಡುಗಿಗೆ ಮೊದಲ ಪರೀಕ್ಷೆಯಲ್ಲಿ 72, ಮೂರನೆಯದರಲ್ಲಿ 78. ನಡುವಿನ ಮನೆ ಖಾಲಿ. ಆ ವರ್ಷ ಮಳೆ ಕೈಕೊಟ್ಟು ಅವಳ ಮನೆಯವರು ಕಾಫಿ ಸೀಮೆಗೆ ಗುಳೆ ಹೋಗಿದ್ದರು. ತಮ್ಮನನ್ನು ನೋಡಿಕೊಳ್ಳಲು ಅವಳನ್ನೂ ಕರೆದುಕೊಂಡು ಹೋಗಿದ್ದರು. ನಾನು ಖಾಲಿ ಮನೆಯಲ್ಲಿ ಸೊನ್ನೆ ಬರೆದೆ. ಅವಳ ಸರಾಸರಿ 50 ಆಯಿತು, ಹುಡುಗನದು 64. ಹುಡುಗನ ಹೆಸರು ಹೋಯಿತು. ಅವನೂ ಬಡವನೇ, ಯೋಗ್ಯನೇ. ಅವನ ಮೇಲೆ ನನಗೆ ಯಾವ ದೂರೂ ಇಲ್ಲ. ಹುಡುಗಿಯ ಓದು ಹತ್ತನೆಯ ತರಗತಿಗೇ ನಿಂತಿತು.

ಶಿಕ್ಷಕರ ಕೊಠಡಿಯಲ್ಲಿ ಗಣಿತದ ಮೇಷ್ಟ್ರು ಪಾಠ ಹೇಳಿದ ರಾತ್ರಿಯೇ ನಾನು ಆ ಹಳೆಯ ಲೆಕ್ಕವನ್ನು ಮತ್ತೆ ಮಾಡಿದೆ. ಹುಡುಗನ ಒಟ್ಟು 192. ಹುಡುಗಿಯ ಎರಡು ಪರೀಕ್ಷೆಗಳದ್ದೇ 150. ನಡುವಿನ ಪರೀಕ್ಷೆಯಲ್ಲಿ ಅವಳಿಗೆ 42 ಬಂದಿದ್ದರೆ ಸಮ, 43 ಬಂದಿದ್ದರೆ ಅವಳೇ ಮುಂದು. ಎರಡು ಪರೀಕ್ಷೆಗಳಲ್ಲಿಯೂ 70 ದಾಟಿದವಳು ಅದೊಂದರಲ್ಲಿ 43 ತೆಗೆಯಲಾರಳೇ? ಅವಳ ಅಂಕ ನನಗೆ ಗೊತ್ತಿರಲಿಲ್ಲ ನಿಜ. ಆದರೆ ತೀರ್ಮಾನಕ್ಕೆ ಅದು ನಿಖರವಾಗಿ ಗೊತ್ತಿರಬೇಕಾಗಿಯೇ ಇರಲಿಲ್ಲ. ಗೊತ್ತಿಲ್ಲದ್ದನ್ನು ಇಲ್ಲವೆಂದು ಬರೆದದ್ದೇ ನನ್ನ ತಪ್ಪು. ಗೈರುಹಾಜರಿ ಬೇರೆ, ಸೊನ್ನೆ ಬೇರೆ. ಮಿಗಿಲಾಗಿ, ಆ ಮನೆ ಖಾಲಿಯಾಗಿದ್ದುದೇ ಅವಳ ಬಡತನದ ದಾಖಲೆಯಾಗಿತ್ತು. ಯಾರ ಬಡತನಕ್ಕಾಗಿ ಸಹಾಯಧನವಿತ್ತೋ ಆ ಬಡತನದ ಗುರುತನ್ನೇ ಹಿಡಿದು ಅವಳನ್ನು ಹಿಂದಕ್ಕೆ ತಳ್ಳಿದ್ದೆ.

ಎಷ್ಟೋ ವರ್ಷಗಳ ಮೇಲೆ, ಉಜ್ಜಿನಿಯ ಶಿಖರ ತೈಲಾಭಿಷೇಕದ ದಿನ ಜನಜಂಗುಳಿಯಲ್ಲಿ ಹೆಂಗಸೊಬ್ಬಳು ಬಂದು ಕಾಲಿಗೆ ನಮಸ್ಕರಿಸಿದಳು. ಅವಳೇ. ಜೊತೆಯಲ್ಲಿ ಇಬ್ಬರು ಮಕ್ಕಳಿದ್ದರು. "ನಮ್ಮ ಮೇಷ್ಟ್ರು ನೋಡ್ರಿ" ಎಂದು ಮಕ್ಕಳಿಗೆ ತೋರಿಸಿದಳು. ಕುಳಿತು ಮಾತನಾಡುವಾಗ ಅವಳಾಗಿಯೇ, "ಆ ಪರೀಕ್ಷೆ ಬರ್ದಿದ್ರೆ ನಂಗ ಬರ್ತಿತ್ತೇನ್ರಿ ಸಾರ್ ಆ ದುಡ್ಡು?" ಎಂದು ಕೇಳಿದಳು. ಸುಳ್ಳು ಹೇಳಲು ಮನಸ್ಸು ಬರಲಿಲ್ಲ. "ನಲವತ್ಮೂರು ಬಂದಿದ್ದರೂ ನಿನ್ನದೇ ಆಗುತ್ತಿತ್ತಮ್ಮ. ಸೊನ್ನೆ ಹಾಕಿದವನು ನಾನು" ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ನಲವತ್ಮೂರಾ?" ಎಂದು ಸಣ್ಣಗೆ ನಕ್ಕಳು. ಆಮೇಲೆ ಮಗಳ ತಲೆ ನೇವರಿಸುತ್ತ, "ಇಕಿ ಒಂದ್ ಪರೀಕ್ಷೆನೂ ತಪ್ಪಿಸಿಲ್ರಿ ಸಾರ್" ಎಂದಳು. ಗೋಪುರದ ಮೇಲೆ ಎಣ್ಣೆ ಸುರಿಯುವ ಹೊತ್ತಾಯಿತೆಂದು ಜನ ಎದ್ದರು. ಅವರೂ ಎದ್ದು ಹೋದರು.

ನಿಮ್ಮಲ್ಲಿ ಅನೇಕರು ಇಂದು ಮೇಷ್ಟ್ರುಗಳಾಗಿದ್ದೀರಿ, ಪಂಚಾಯಿತಿಯಲ್ಲಿ, ಬ್ಯಾಂಕಿನಲ್ಲಿ, ಕಚೇರಿಗಳಲ್ಲಿ ಇದ್ದೀರಿ. ಮನೆ ಯಾರಿಗೆ, ಸಾಲ ಯಾರಿಗೆ, ಸೀಟು ಯಾರಿಗೆ ಎಂದು ಸಾಲು ಹಚ್ಚುವ ಕೆಲಸ ನಿಮ್ಮ ಕೈಗೂ ಬರುತ್ತದೆ. ಸಾಲು ಹಚ್ಚಲೇಬೇಕು, ಬೇರೆ ದಾರಿಯಿಲ್ಲ. ಮಾಹಿತಿ ಎಂದೂ ಪೂರ್ತಿ ಇರುವುದಿಲ್ಲ. ಆದರೆ ಖಾಲಿ ಮನೆ ಕಂಡಾಗ ಪೆನ್ನು ಎತ್ತುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ಕನಿಷ್ಠ ಎಷ್ಟಿದ್ದರೆ ನನ್ನ ತೀರ್ಮಾನ ಬದಲಾಗುತ್ತದೆ? ಆ ಕನಿಷ್ಠ ತೀರ ಚಿಕ್ಕದಾಗಿದ್ದರೆ ಎದ್ದು ಹೋಗಿ ವಿಚಾರಿಸಿಕೊಂಡು ಬನ್ನಿ. ನಾನು ಅಂದು ಅವಳ ಊರಿಗೆ ಸೈಕಲ್ಲಿನಲ್ಲಿ ಹೋಗಿದ್ದರೆ ಅರ್ಧ ತಾಸಿನ ದಾರಿ.